ಕೆಳಗಿನ ಮನೆಗಳ ಬೀಗ

ಚುನಾವಣೆಯ ಫಲಿತಾಂಶ ಬಂದ ದಿನ ಟಿವಿಯಲ್ಲಿ ಕೋಟು ಹಾಕಿಕೊಂಡವರು ಸಾಲಾಗಿ ಕೂತು, ತಮ್ಮ ಸಮೀಕ್ಷೆ ಯಾಕೆ ಸುಳ್ಳಾಯಿತೆಂದು ವಿವರಿಸುವುದನ್ನು ನಾನು ಕೇಳಲಾರೆ. ಜನ ಬಾಯಿ ಬಿಡಲಿಲ್ಲ, ಜನ ಸುಳ್ಳು ಹೇಳಿದರು, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರು ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಅಂಥ ಹೊತ್ತಿನಲ್ಲಿ ನನ್ನ ಗಂಡ ರಿಮೋಟನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾನೆ. ದೇಶದ ಲೆಕ್ಕ ನನಗೆ ತಿಳಿಯದು. ಒಂದು ವಾರ್ಡಿನ ಸಮೀಕ್ಷೆ ಹೇಗೆ ಕೆಟ್ಟಿತೆಂದು ಮಾತ್ರ ಗೊತ್ತು, ಯಾಕೆಂದರೆ ಅದನ್ನು ಕೆಡಿಸಿದವಳು ನಾನೇ.

ನಮ್ಮ ಮನೆ ಮಲಯಾಳ ನಾಡಿನ ಅಂಚಿನ ಮರಕ್ಕಡವಿನಲ್ಲಿ, ಕಬಿನಿ ಹೊಳೆಗೆ ಕೂಗಳತೆಯಲ್ಲಿ. ಅಂಗಳ ಒಂದು, ಒಲೆ ಎರಡು. ಒಂದು ಒಲೆ ನನ್ನದು, ಇನ್ನೊಂದು ಗಂಡನ ಅಣ್ಣನ ಹೆಂಡತಿಯದು. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ವಾರಗಿತ್ತಿಯರು ಹೇಗಿರಬೇಕೋ ಹಾಗೇ ಇದ್ದೆವು. ಸಾರು ಹಂಚಿಕೊಳ್ಳುತ್ತಿದ್ದೆವು, ಹೊಗಳಿಕೆಯನ್ನು ಹಂಚಿಕೊಳ್ಳುತ್ತಿರಲಿಲ್ಲ.

ಅಕ್ಕ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ, ತಂದವನ ಮುಖ ನೋಡಿ, ನೀರು ಬೆರೆತಿದೆಯೋ ಇಲ್ಲವೋ ಹೇಳುತ್ತಿದ್ದಳು. ಮಲಯಾಳ ಚೆನ್ನಾಗಿ ಬರೆಯುತ್ತಿದ್ದುದರಿಂದ ಕೆಳಗೆ ಹೊಳೆ ಬದಿಯ ಕಾಲನಿಯ ಕೂಲಿ ಜನ ಪೆನ್ಶನ್ನು, ರೇಷನ್ನು ಎಂದು ಎಲ್ಲ ಅರ್ಜಿಗಳನ್ನೂ ಅವಳ ಕೈಯಲ್ಲೇ ಬರೆಸುತ್ತಿದ್ದರು. ಪಂಚಾಯತ್ ಚುನಾವಣೆಗೆ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಪಕ್ಷದವರು ಅವಳನ್ನೇ ಕೇಳಿಕೊಂಡು ಬಂದರು. ಸೊಸೈಟಿಯವರು ಹೇಳಿದ್ದು ಒಂದೇ ಮಾತು. ನಿಲ್ಲುವುದಾದರೆ ಕೆಲಸ ಬಿಟ್ಟು ನಿಲ್ಲು, ಸೋತರೆ ಮತ್ತೆ ಇಲ್ಲಿಗೆ ಬರಬೇಡ. ಅಕ್ಕ ಮೂರು ದಿನ ಯೋಚಿಸಿ ಕೆಲಸ ಬಿಟ್ಟಳು. ಹದಿನಾಲ್ಕು ವರ್ಷದ ಕೆಲಸ. ಆಮೇಲೆ ಅವಳಿಗೆ ಗೆಲ್ಲದೆ ಬೇರೆ ದಾರಿ ಇರಲಿಲ್ಲ.

ಅದೇ ಹೊತ್ತಿಗೆ ಪಕ್ಷದವರು ನಗರದ ಯಾವುದೋ ಕಂಪನಿಯಿಂದ ಕೆಲವು ಪಂಚಾಯತ್ತುಗಳಲ್ಲಿ ಸಮೀಕ್ಷೆ ಮಾಡಿಸಿದರು. ಮನೆಮನೆಗೆ ಹೋಗಿ ಕೇಳಲು ಕನ್ನಡವೂ ಬಲ್ಲ ಹೆಂಗಸರು ಬೇಕಾಗಿದ್ದರು. ನಾನೂ ಹೆಸರು ಕೊಟ್ಟೆ. ಕಲ್ಪೆಟ್ಟದ ಒಂದು ಹಾಲ್‌ನಲ್ಲಿ ಒಂದು ದಿನದ ತರಬೇತಿ. ಹೇಳಿಕೊಟ್ಟವಳು ನನ್ನ ಮಗಳ ವಯಸ್ಸಿನ ಹುಡುಗಿ, ಮಲಯಾಳದಲ್ಲಿ ಪಟಪಟ ಮಾತಾಡುತ್ತಿದ್ದಳು. ಅವಳು ಹೇಳಿದ ನಿಯಮಗಳಲ್ಲಿ ಎರಡು ನನಗೆ ಈಗಲೂ ಬಾಯಿಪಾಠ. ನಿಮ್ಮ ಸ್ವಂತ ವಾರ್ಡಿಗೆ ಹೋಗಬೇಡಿ. ಮನೆಗೆ ಬೀಗ ಹಾಕಿದ್ದರೆ ಮೂರು ಸಲ ಹೋಗಿ, ಅದರಲ್ಲಿ ಒಂದು ಸಂಜೆ, ಒಂದು ಭಾನುವಾರ. ಬೀಗ ಹಾಕಿದ ಮನೆಯಲ್ಲೂ ವೋಟಿರುತ್ತದೆ ಎಂದಳು. ನಾವೆಲ್ಲ ನಕ್ಕೆವು.

ಮೊದಲನೆಯ ನಿಯಮವನ್ನು ಅವರೇ ಮುರಿದರು. ನಮ್ಮ ಕಡೆಗೆ ಕಳಿಸಲು ಕನ್ನಡ ಬಲ್ಲವರು ಬೇರೆ ಸಿಗಲಿಲ್ಲ, ನನ್ನನ್ನೇ ನಮ್ಮ ವಾರ್ಡಿಗೆ ಹಾಕಿದರು. ಎರಡನೆಯದನ್ನು ನಾನು ಮುರಿದೆ.

ಮೇಲಿನ ರಸ್ತೆಯ ಮನೆಗಳಲ್ಲಿ ಕೆಲಸ ಹೂವೆತ್ತಿದಂತೆ ಆಯಿತು. ಕಾಫಿ, ಮೆಣಸು ಬೆಳೆದು ಮನೆಯಲ್ಲೇ ಇರುವ ಜನ. ಕುರ್ಚಿ ಹಾಕಿದರು, ಕಾಫಿ ಕೊಟ್ಟರು. ಯಾರಿಗೆ ಹಾಕುತ್ತೀರಿ ಎಂದರೆ ನಕ್ಕು, ನಿಮ್ಮ ಅಕ್ಕನಿಗಲ್ಲದೆ ಇನ್ಯಾರಿಗೆ ಎಂದರು. ಅವರಲ್ಲಿ ಎಷ್ಟು ಜನ ಮುಖ ನೋಡಿ ಮಣೆ ಹಾಕಿದರೋ, ಆಗ ನನಗೆ ಹೊಳೆಯಲೇ ಇಲ್ಲ. ಅದೇ ಮನೆಯ ಸೊಸೆ ಬಂದು ಕೇಳಿದರೆ ಯಾರಾದರೂ ಇನ್ನೇನು ಹೇಳುತ್ತಾರೆ?

ಕೆಳಗೆ ಕಾಲನಿಗೆ ಹೋದಾಗ ಬಾಗಿಲುಗಳೆಲ್ಲ ಮುಚ್ಚಿದ್ದವು. ಶುಂಠಿ ಕೀಳುವ ಕಾಲ. ಕೆಲಸ ಮಾಡುವ ಕೈಯೆಲ್ಲ ತೋಣಿ ಹತ್ತಿ ಹೊಳೆಯ ಆಚೆ, ಕರ್ನಾಟಕದ ಹೊಲಗಳಿಗೆ ಹೋಗಿತ್ತು. ಸೋಮವಾರ ಹೋದವರು ಅಲ್ಲೇ ಶೆಡ್ಡುಗಳಲ್ಲಿ ಉಳಿದು ಶನಿವಾರ ಸಂಜೆ ಬರುತ್ತಾರೆ. ಶನಿವಾರದವರೆಗೆ ಕಾಯಬೇಕಿತ್ತು. ಆದರೆ ಗದ್ದೆಯಲ್ಲಿ ಭತ್ತ ಬಲಿತಿತ್ತು, ಐದು ಗಂಟೆ ಕಳೆದರೆ ಆ ದಾರಿಗೆ ಆನೆ ಇಳಿಯುತ್ತಿತ್ತು. ಭಾನುವಾರ ನನ್ನ ತವರಿನಲ್ಲಿ ಮದುವೆ. ಕಂಪನಿಯ ಫೋನಿನಲ್ಲಿ ‘ಮನೆ ಮುಚ್ಚಿದೆ’ ಎಂದು ಒತ್ತಿದರೆ ಅದು ಬೇರೆ ಮನೆ ಕೇಳುತ್ತಿತ್ತು. ನಾನು ಮೇಲಿನ ರಸ್ತೆಗೆ ಹತ್ತಿ, ತೆರೆದ ಬಾಗಿಲುಗಳಲ್ಲೇ ಸಂಖ್ಯೆ ತುಂಬಿಸಿದೆ. ಫೋನಿಗೇನು ಗೊತ್ತು? ಶುಕ್ರವಾರಕ್ಕೆ ಎಲ್ಲ ಮುಗಿಯಿತು.

ಸಮೀಕ್ಷೆಯಲ್ಲಿ ಬಂದ ಉತ್ತರಗಳನ್ನು ಯಾರಿಗೂ ಹೇಳಬಾರದು ಎಂದಿದ್ದರು. ನಾನು ಆ ಸಂಜೆಯೇ ಅಕ್ಕನಿಗೆ ಹೇಳಿದೆ. ಅವಳು ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನೀನು ಗೆದ್ದ ಹಾಗೆಯೇ, ಹತ್ತರಲ್ಲಿ ಏಳು ಮನೆ ನಿನ್ನವೇ ಎಂದೆ. ಮೊರ ನಿಂತಿತು.

“ಕೆಳಗೂ ಕೇಳ್ದಾ?” ಎಂದಳು.

“ಕೇಳ್ದೆ, ಅಕ್ಕ.”

“ಎಲ್ಲಾರ್ನೂ?”

“ಎಲ್ಲಾರ್ನೂ.”

ಯಾಕೆ ಹಾಗೆಂದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೊಟ್ಟೆಕಿಚ್ಚಿತ್ತೆ? ಇತ್ತು, ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಆದರೆ ಅವತ್ತಿನ ಸುಳ್ಳು ಅದರಿಂದ ಹುಟ್ಟಿದ್ದಲ್ಲ. ಜೀವನದಲ್ಲಿ ಮೊದಲ ಸಲ ಅಕ್ಕ ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆ ಸುಖ ಬಿಡಲು ನನಗೆ ಮನಸ್ಸು ಬರಲಿಲ್ಲ. ಹಾಲಿನಲ್ಲಿ ಹನಿ ನೀರನ್ನೂ ಹಿಡಿಯುವವಳು ಮನೆಯವಳ ಮಾತನ್ನು ಪರೀಕ್ಷೆ ಮಾಡಲಿಲ್ಲ.

ಮತದಾನಕ್ಕೆ ಮೊದಲು ಎರಡು ಭಾನುವಾರಗಳು ಉಳಿದಿದ್ದವು. ಎರಡನ್ನೂ ಅಕ್ಕ ಕಾಲನಿಗೆಂದು ಎತ್ತಿಟ್ಟಿದ್ದಳು. ನನ್ನ ಮಾತು ಕೇಳಿದ ಮೇಲೆ, ಕೆಳಗಿನವರು ಹೇಗೂ ನಮ್ಮವರೇ ಎಂದು, ಅವನ್ನು ಮೇಲಿನ ರಸ್ತೆಯ ಅನುಮಾನದ ಮನೆಗಳಿಗೆ ಕೊಟ್ಟಳು. ಮೊದಲ ಭಾನುವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿ ಎಡಕ್ಕೆ ಕಾಲನಿಗೆ ಇಳಿಯುವ ಬದಲು ಬಲಕ್ಕೆ ಹತ್ತಿದ್ದನ್ನು, ತವರಿನ ಮದುವೆಗೆ ಹೊರಡುವ ಮೊದಲು, ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕರೆದು ಹೇಳಬಹುದಿತ್ತು. ಇನ್ನೂ ಒಂದು ಭಾನುವಾರ ಇದೆಯಲ್ಲ ಎಂದುಕೊಂಡೆ.

ಆ ವಾರದ ಬುಧವಾರ ನಾನು ಬಟ್ಟೆ ಒಗೆಯಲು ತೋಣಿ ತಂಗುವ ಕಡವಿಗೆ ಹೋಗಿದ್ದೆ. ಆಚೆ ದಡದಿಂದ ತೋಣಿ ಬಂತು. ಅದರಿಂದ ಇಳಿದವಳು ಎದುರು ಪಕ್ಷದ ಅಭ್ಯರ್ಥಿ. ಸೀರೆಗೆ ಅಂಚಿನಿಂದ ಮೊಣಕಾಲಿನವರೆಗೆ ಕೆಂಪು ಮಣ್ಣು. ನನ್ನನ್ನು ನೋಡಿ ನಕ್ಕು, ಏನು ಚೇಚಿ, ಸುಖವಾ ಎಂದು ಸ್ವಂತ ತಂಗಿಯ ಹಾಗೆ ಕೇಳಿ ಹೋದಳು. ಅವಳು ಎಲ್ಲಿಗೆ ಹೋಗಿದ್ದಳೆಂದು ತೋಣಿಯವನನ್ನು ಕೇಳಬೇಕಾಗಿರಲಿಲ್ಲ. ಅದು ಶುಂಠಿ ಹೊಲದ ಮಣ್ಣು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಮನೆಗೆ ಬಂದು ಅಕ್ಕನಿಗೆ ಏನೂ ಹೇಳಲಿಲ್ಲ. ಹೇಳಿದರೆ ಮೊದಲಿನ ಸುಳ್ಳನ್ನೂ ಹೇಳಬೇಕಾಗುತ್ತಿತ್ತು. ಎರಡನೆಯ ಭಾನುವಾರವೂ ಅವಳು ಬಲಕ್ಕೆ ಹತ್ತಿದಳು.

ಮತದಾನದ ದಿನ ನಾನು ಶಾಲೆಯ ಗೇಟಿನ ಆಚೆ ನಿಂತಿದ್ದೆ. ಮಂಜು ಹರಿಯುವ ಮೊದಲೇ ತೋಣಿಗಳು ತುಂಬಿ ಬಂದವು. ಜನ ಹೊಳೆಯಿಂದ ನೇರ ಬಂದು ಸಾಲಿನಲ್ಲಿ ನಿಂತರು, ಉಗುರಿನ ಸಂದಿಯಲ್ಲಿ ಮಣ್ಣು ಹಾಗೇ ಇತ್ತು. ನಾನು ಕೇಳದೇ ಬಿಟ್ಟ ಮುಖಗಳನ್ನು ಎಣಿಸತೊಡಗಿದೆ. ನಲವತ್ತು ದಾಟಿದ ಮೇಲೆ ಎಣಿಸಲು ಧೈರ್ಯ ಸಾಲಲಿಲ್ಲ. ಅಕ್ಕ ದೂರದಿಂದ ಅವರಿಗೆಲ್ಲ ಕೈ ಮುಗಿದಳು. ಅವರೂ ಮುಗಿದರು. ಯಾರೂ ನಗಲಿಲ್ಲ.

ಎಣಿಕೆಯ ದಿನ ಅಕ್ಕ ಹತ್ತೊಂಬತ್ತು ವೋಟಿನಿಂದ ಸೋತಳು. ಮನೆಗೆ ಬಂದು ಕಾಲು ತೊಳೆದು, ಎಲ್ಲರಿಗೂ ಟೀ ಮಾಡಿಕೊಟ್ಟಳು. ನನಗೂ ಕೊಟ್ಟಳು. ಸೊಸೈಟಿಯಲ್ಲಿ ಅವಳ ಜಾಗದಲ್ಲಿ ಆಗಲೇ ಬೇರೆ ಹೆಂಗಸು ಕೂತಿದ್ದಳು.

ಮಾರನೆಯ ದಿನ ಅವಳ ಗಂಡ, ನನ್ನ ಬಾವ, ಪುಲ್ಪಳ್ಳಿಯಿಂದ ಮುಳ್ಳುತಂತಿಯ ಸುರುಳಿ ತಂದು ಅಂಗಳದಲ್ಲಿ ಹಾಕಿದ. ಕಾಲನಿಯವರು ಕಡವಿಗೆ ಹೋಗುವುದು ನಮ್ಮ ಕಾಫಿ ತೋಟದ ಕಾಲುದಾರಿಯಲ್ಲಿ, ಅಜ್ಜನ ಕಾಲದಿಂದಲೂ. ಅದನ್ನು ಮುಚ್ಚುತ್ತೇನೆ ಎಂದ. ಅರ್ಜಿ ಬರೆಸಲು ನನ್ನ ಹೆಂಡತಿ ಬೇಕು, ವೋಟು ಇನ್ನೊಬ್ಬಳಿಗೆ, ಸಮೀಕ್ಷೆಯಲ್ಲಿ ಹೂಂ ಅಂದು ಬೂತಿನಲ್ಲಿ ಮೋಸ ಮಾಡಿದರು ಎಂದು ಬೈದ. ನನ್ನ ಗಂಡನೂ ತಲೆಯಾಡಿಸಿದ. ಆ ದಾರಿ ಮುಚ್ಚಿದರೆ ಅವರು ಕಾಡಂಚಿನಲ್ಲಿ ಸುತ್ತಿ ಹೋಗಬೇಕು. ಬೆಳಗಿನ ಮಂಜಿನಲ್ಲಿ ಅಲ್ಲಿ ಆನೆ ಎದುರಿಗೆ ನಿಂತಿದ್ದರೂ ಕಾಣುವುದಿಲ್ಲ. ಬಾವ ಮೊದಲ ಗೂಟ ಹೊಡೆದ. ಎರಡನೆಯದಕ್ಕೆ ಗುಂಡಿ ತೋಡಿದ. ಅಕ್ಕ ಅಂಗಳದಲ್ಲಿ ಕಾಫಿ ಹಣ್ಣು ಹರಡುತ್ತಿದ್ದಳು, ಬೇಡ ಎನ್ನಲಿಲ್ಲ. ಅವಳೂ ಮೋಸವೆಂದೇ ನಂಬಿದ್ದಳು.

“ಬಾವ, ತಂತಿ ಬಿಡಿ,” ಎಂದೆ. “ಅವ್ರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಕೆಳಗೆ ನಾನು ಯಾರ್ನೂ ಕೇಳೇ ಇಲ್ಲ.”

ಬಾವನ ಕೈಯಲ್ಲಿ ಹಾರೆ ನಿಂತಿತು. ಗಂಡ ನೆಲ ನೋಡಿದ. ಅಕ್ಕ ಮಾತ್ರ ನನ್ನನ್ನು ನೋಡಿದಳು, ಸೊಸೈಟಿಯಲ್ಲಿ ಕ್ಯಾನು ತಂದವರನ್ನು ನೋಡುತ್ತಿದ್ದ ಹಾಗೆ.

“ಒಂದ್ ಮನೇನೂ?”

“ಒಂದ್ ಮನೇನೂ ಇಲ್ಲ, ಅಕ್ಕ. ಎಲ್ಲಾ ಬೀಗ ಹಾಕಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು. ಗಂಡನಿಗೆ ಗೂಟ ಕೀಳಲು ಹೇಳಿದಳು. ಸೋಮವಾರ ಬೆಳಿಗ್ಗೆ ನನ್ನ ಜೊತೆ ಕಡವಿಗೆ ಬಾ ಎಂದು ನನಗೆ ಹೇಳಿ, ಮತ್ತೆ ಕಾಫಿ ಹರಡತೊಡಗಿದಳು.

ಸೋಮವಾರ ಕಡವಿನಲ್ಲಿ ಕಾಲನಿಯವರು ಬುತ್ತಿ, ಚೀಲ ಹಿಡಿದು ತೋಣಿಗೆ ಕಾಯುತ್ತಿದ್ದರು. ನಮ್ಮನ್ನು ಕಂಡು ಬದಿಗೆ ಸರಿದರು. ದಾರಿ ಮುಚ್ಚುವ ಸುದ್ದಿ ಅವರಿಗೂ ಮುಟ್ಟಿತ್ತು. ಅಕ್ಕ ಅವರಲ್ಲಿ ಹಿರಿಯ ಹೆಂಗಸೊಬ್ಬಳ ಹತ್ತಿರ ಹೋದಳು. ಆಕೆಯ ವಿಧವಾ ಪೆನ್ಶನ್ನಿನ ಅರ್ಜಿಯನ್ನು ಅಕ್ಕನೇ ಬರೆದಿದ್ದಳು. ದಾರಿ ಮುಚ್ಚುವುದಿಲ್ಲ, ಹೆದರಬೇಡಿ ಎಂದಳು. ವೋಟಿನ ವಿಷಯ ಎತ್ತಲಿಲ್ಲ. ಎತ್ತಿದವಳು ಆ ಹೆಂಗಸೇ.

“ಆ ಗೆದ್ದ ಚೇಚಿ ನಾವು ಪಣಿ ಮಾಡೋ ಹೊಲಕ್ಕೇ ಬಂದು ವೋಟು ಕೇಳಿದ್ಲು, ಅಕ್ಕ. ನಮ್ಮ ಜೊತೆ ಕೂತು ಗಂಜಿ ಕುಡುದ್ಲು. ಆಗ್ಲೂ ನಾವು ಏನೂ ಹೇಳ್ನಿಲ್ಲ. ನೀವು ಬತ್ತೀರ ಅಂತ ಎರಡು ಭಾನುವಾರ ಕಾದೊ. ಅಂಗನವಾಡಿಯಿಂದ ಕುರ್ಚಿ ಇಸ್ಕಂಬಂದು ಮಡಗಿದ್ದೆ.”

ತೋಣಿ ಬಂತು. ಅವರು ಒಬ್ಬೊಬ್ಬರಾಗಿ ಹತ್ತಿದರು. ಮಂಜಿನಲ್ಲಿ ತೋಣಿ ಕಾಣದಾಗುವವರೆಗೆ ಅಕ್ಕ ಅಲ್ಲೇ ನಿಂತಿದ್ದಳು. ಆಮೇಲೆ ಅವಳು ಮುಂದೆ, ನಾನು ಹಿಂದೆ, ತೋಟದ ಕಾಲುದಾರಿಯಲ್ಲಿ ಮನೆಗೆ ಬಂದೆವು. ಗೂಟ ಕಿತ್ತ ಗುಂಡಿ ಹಾಗೇ ಇತ್ತು, ನಾನು ಕಾಲಿನಿಂದ ಮಣ್ಣು ತಳ್ಳಿ ಮುಚ್ಚಿದೆ.

ಮುಂದಿನ ಭಾನುವಾರ ಅಕ್ಕ ಚಪ್ಪಲಿ ಮೆಟ್ಟಿ ಎಡಕ್ಕೆ ಇಳಿದು ಕಾಲನಿಗೆ ಹೋದಳು. ನನ್ನನ್ನು ಕರೆಯಲಿಲ್ಲ.