ಕಣ್ಣು ಬಿಟ್ಟ ಪಕ್ಕೀರಮ್ಮ

ಗಂಗಾಂಬಿಕಾ ಬರೋಡದಲ್ಲಿ ಸೆರಾಮಿಕ್ ಶಿಲ್ಪ ಕಲಿತು ಕೊಟ್ಟೂರಿಗೆ ಮರಳಿದಾಗ, ಅವಳು ಹೂಕುಂಡ, ದೀಪ ಮಾಡಿ ಮಾರುತ್ತಾಳೆಂದು ಮನೆಯವರು ತಿಳಿದಿದ್ದರು. ಅವಳು ಹಿತ್ತಲಲ್ಲಿ ಭಟ್ಟಿ ಕಟ್ಟಿ ಮಣ್ಣಿನ ಮನುಷ್ಯರನ್ನು ಮಾಡತೊಡಗಿದಳು: ಬಸ್ಸಿಗೆ ಕಾದು ನಿಂತವರು, ಎಲೆಗೆ ಸುಣ್ಣ ಹಚ್ಚುವವರು. ಭಾನುವಾರ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಂದ ಕಾಲೇಜು ಹುಡುಗಿಯರು ಕಲಿಯಲು ಬರುತ್ತಿದ್ದರು. ಮೂಗು ತಿದ್ದುವ ಮೊದಲು ಎದುರಿಗಿರುವ ಮೂಗು ನೋಡಿರೆಂದು ಗದರುವುದೇ ಅವಳ ಪಾಠ. ಹೊಗಳಿದ್ದು ಅಪರೂಪ.

ಗುಡೇಕೋಟೆಯಿಂದ ಬಂದು ಕೊಟ್ಟೂರಿನಲ್ಲಿ ಶೇಂಗಾ ಹಸನು ಮಾಡುವ ಪಕ್ಕೀರಮ್ಮನನ್ನು ಎದುರು ಕೂಡಿಸಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತ ದೊಡ್ಡ ಮೂರ್ತಿ ಮಾಡಿದಾಗ ಗಲಾಟೆ ಶುರುವಾಯಿತು. ಮೂರ್ತಿ ಒಳಗೆ ಟೊಳ್ಳು. ಸುಡುವಾಗ ಹಬೆ ಹೊರಹೋಗಲೆಂದು ಎರಡೂ ಕಣ್ಣುಗಳಲ್ಲಿ ತೂತು ಬಿಟ್ಟಿದ್ದಳು.

ತಾಯಿ ಕೊಟ್ರಬಸಮ್ಮನಿಗೆ ಇದು ಸೇರಲಿಲ್ಲ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ.

"ನಾವು ಹೆಣಾನೂ ಸುಡಂಗಿಲ್ಲ. ನೀ ಕುಂತಾಕಿನ್ನ, ಕಣ್ಣು ಬಿಟ್ಟಾಕಿನ್ನ ಬೆಂಕಿಗಿಡ್ತೀಯಲ್ಲ, ಗಂಗಾ."

"ಅದು ಮಣ್ಣು ಬೇ."

"ಸತ್ತೋರೂ ಮಣ್ಣೇ."

ಮೂರ್ತಿಯನ್ನು ಭಟ್ಟಿಯೊಳಗಿಟ್ಟು ಗಂಗಾಂಬಿಕಾ ಊಟಕ್ಕೆ ಹೋದಳು. ಬಂದವಳು ಒಳಗಿನ ಮುಖವನ್ನು ಮತ್ತೊಮ್ಮೆ ನೋಡದೆ ಬಾಗಿಲಿಗೆ ಇಟ್ಟಿಗೆ ಜೋಡಿಸಿದಳು. ಬೆಂಕಿ ಏರುವಾಗ ಒಳಗೆ ಢಬ್ಬೆಂದಿತು. ಭಟ್ಟಿ ಆರಿದ ಮೇಲೆ ಸಿಕ್ಕಿದ್ದು ಒಂದು ಮೊಣಕಾಲು, ಒಂದು ಕಿವಿ, ಉಳಿದದ್ದೆಲ್ಲ ಚೂರು.

ದೇವರು ಒಪ್ಪಲಿಲ್ಲ ಎಂದು ಓಣಿ ತೀರ್ಮಾನಿಸಿತು. ಮುಂದಿನ ಭಾನುವಾರ ಹುಡುಗಿಯರು ಇಬ್ಬರೇ ಬಂದರು. ಅವರೆದುರಿಗೇ ಅಣ್ಣ ಗಂಗಾಧರ ಹೇಳಿದ:

"ದೀಪ ಮಾಡು, ಕುಂಡ ಮಾಡು, ಯಾರು ಬ್ಯಾಡಂತಾರ? ಮನುಷ್ಯಾರನ್ನ ಮಾಡೋದಾದ್ರ ಹಿತ್ತಲ ಬಿಡು. ದೇವ್ರೇ ಹೇಳ್ಯಾನ."

"ಕುಂಡ ನೀನು ಮಾಡಣ್ಣ. ಕಲಿಸ್ತೀನಿ, ಫೀಸು ಕೊಡು."

ಹೀಗೆಂದು ಅವಳು ಚೂರು ಜೋಡಿಸುತ್ತಲೇ ಇದ್ದಳು. ಕಣ್ಣಿನ ತುಂಡು ಕೈಗೆ ಬಂತು. ತೂತಿಗೆ ಮಣ್ಣು ಮೆತ್ತಿತ್ತು, ಅದರ ಮೇಲೆ ಬೆರಳಿನ ಗುರುತಿತ್ತು. ಅದನ್ನು ಎಲ್ಲರತ್ತ ತಿರುಗಿಸಿ, "ಯಾರು ಮುಚ್ಚಿದ್ದು?" ಎಂದಳು.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಕೊಟ್ರಬಸಮ್ಮ ಹೇಳಿದಳು:

"ನಾನು. ಆಕಿ ಬೆಂಕಿ ನೋಡಬಾರದಂತ ಮುಚ್ಚೀನಿ. ಒಡೀತೈತಿ ಅಂತ ಗೊತ್ತಿರಲಿಲ್ಲ. ಗಂಗಾಧರ, ಇದರಾಗ ದೇವ್ರನ್ನ ಎಳೀಬ್ಯಾಡ, ಅವಗ ಬ್ಯಾರೆ ಕೆಲಸ ಐತಿ. ಹಿತ್ತಲ ನನ್ನ ಹೆಸರಿಲೆ ಐತಿ."

"ಹಂಗಾದ್ರ ಸುಡಲೇನು ಬೇ?" ಎಂದಳು ಮಗಳು.

"ನನಗ ಸುಡೋದು ಸೇರಂಗಿಲ್ಲ. ಸುಳ್ಳೂ ಸೇರಂಗಿಲ್ಲ."

ಪಕ್ಕೀರಮ್ಮ ಮತ್ತೆ ಬಂದು ಕೂತಳು. "ಈ ಸಲ ಬಾಯಿನೂ ತೆರದಿಡು ತಂಗಿ. ನಾ ಯಾವಾಗ ಬಾಯಿ ಮುಚ್ಚೀನಿ?"

ಗಂಗಾಂಬಿಕಾ ಹೊಸ ಮೂರ್ತಿಯ ಬಾಯಿಯನ್ನೂ ತೆರೆದಳು. ಹಾಡಹಗಲಲ್ಲಿ, ಹಿತ್ತಲಿನ ಓಣಿಯ ಕಡೆಯ ಬಾಗಿಲು ತೆಗೆದಿಟ್ಟು, ಬೇಕಾದವರು ನೋಡಲೆಂದು ಸುಟ್ಟಳು. ಮೂರ್ತಿ ಭುಜದಲ್ಲೊಂದು ಸೀಳು ಬಿಟ್ಟರೂ ಇಡಿಯಾಗಿ ಹೊರಬಂತು. ಸೀಳನ್ನು ಅವಳು ಮುಚ್ಚಲಿಲ್ಲ. ಮೂರ್ತಿಯನ್ನು ಓಣಿಯತ್ತ ಮುಖ ಮಾಡಿ ಕೂಡಿಸಿದಳು.

ಬಿಟ್ಟುಹೋದ ಹುಡುಗಿಯರಲ್ಲಿ ಕೆಲವರು ಮರಳಿದ್ದಾರೆ. ಬಾರದವರನ್ನು ಕರೆಯಲು ಅವಳು ಹೋಗಿಲ್ಲ. ಭಟ್ಟಿಯ ಬಾಗಿಲು ಕಟ್ಟುವ ಮುನ್ನ ಈಗ ಪ್ರತಿಯೊಬ್ಬಳೂ ತನ್ನ ಮೂರ್ತಿಯ ಕಣ್ಣಿಗೆ ಕಡ್ಡಿ ಹಾಕಿ ನೋಡಬೇಕು. ಆ ಹೊತ್ತಿಗೆ ಕೊಟ್ರಬಸಮ್ಮ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಯಾರೂ ತಡೆಯುವುದಿಲ್ಲ.