ಅಬ್ಬಲಿಗೆ ಮುಡಿಸಿ ಕೂರಿಸಿದ್ದು

ಕುಮಟಾ ಬಸ್‌ಸ್ಟ್ಯಾಂಡಿನ ಹೊರಗೆ ಹೂವಿನವಳು ಕರೆದಳು ಅಂತ ತಂಗಿಗೆ ಒಂದು ಅಬ್ಬಲಿಗೆ ದಂಡೆ ತಗೊಂಡೆ. ಊರಿಗೆ ಹೋಗುವ ಅಘನಾಶಿನಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ಹಳೆಯದೆಲ್ಲ ನೆನಪಾಯಿತು. ಹೂವಿಗೆ ಬೈದು ಪ್ರಯೋಜನವಿಲ್ಲ. ಆದರೂ ಬೈದೆ.

ತಂಗಿ ಸುಮಾಗೆ ಕಿವಿ ಮಂದ. ಎದುರು ನಿಂತು ಬಾಯಿ ಕಾಣುವ ಹಾಗೆ ಹೇಳಿದರೆ ಅರ್ಧ ಹಿಡಿಯುತ್ತಾಳೆ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಹೇಳಿಕೆ ಬಂತು. ಇಂಥ ಮಕ್ಕಳನ್ನು ನೋಡಲು ಸಾಹೇಬರು ಬರುತ್ತಾರೆ, ಯಾರಿಗೆ ಏನು ಬೇಕೆಂದು ತಾಯಿತಂದೆ ಜೊತೆ ಕೂತು ತೀರ್ಮಾನ ಮಾಡುತ್ತಾರೆ. ಬೇಕಾದವರಿಗೆ ಕಿವಿಯ ಮಷಿನ್ನು, ಕಲಿಸಲು ಬೇರೆ ಟೀಚರು.

ನಮ್ಮ ಅವ್ವಿ ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪಿಮೀನು, ಹೆಕ್ಕುವವಳು. ಹೆಣ್ಣುಮಗುವನ್ನು ನೋಡಲು ಯಾರೋ ಬರುತ್ತಾರೆ ಅಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ: ಕುಂದು ಕಾಣಿಸಬಾರದು. ನೀವು ನಗಬೇಡಿ, ನಿಮ್ಮ ಮನೆಯಲ್ಲೂ ಹೀಗೇ ಮಾಡುತ್ತಿದ್ದರು. ದಿನಾ ಸಂಜೆ ಸುಮಾಳನ್ನು ಕುರ್ಚಿಯಲ್ಲಿ ಕೂರಿಸಿ ತಾಲೀಮು.

"ಮೊದ್ಲು ಹೆಸ್ರು ಕೇಳ್ತ್ರು. ಆಮೇಲೆ ಅಪ್ಪನ ಹೆಸ್ರು. ಆಮೇಲೆ ಊಟ ಆತಾ ಅಂತ್ರು. ತಿಳೀತಾ?"

"ಬೇರೆ ಎಂತಾದ್ರೂ ಕೇಳಿದ್ರೆ?" ಅಂದೆ ನಾನು.

"ನಿನ್ನ ಬಾಯಿಗೆ ಮಣ್ಣು ಬೀಳ್ಲಿ. ಸುಮ್ನಿರಾ."

ಆ ದಿನ ಸುಮಾಳ ಜಡೆಗೆ ಅಬ್ಬಲಿಗೆ, ಮುಖಕ್ಕೆ ಪೌಡರು. ಸಾಹೇಬರು ಹೆಸರು ಕೇಳಿದರು. ಹೇಳಿದಳು. ಅಪ್ಪನ ಹೆಸರು ಕೇಳಿದರು. ಅದನ್ನೂ ಹೇಳಿದಳು. ಅವ್ವಿಯ ಕಡೆ ತಿರುಗಿ, "ಕೇಳಿಸೋದಕ್ಕೆ ತೊಂದರೆ ಉಂಟಾ?" ಅಂದರು.

"ಎಂತದೂ ಇಲ್ರಾ. ಎಲ್ಲಾ ಕೇಳ್ತದೆ. ಮನೆ ಕೆಲ್ಸನೂ ಮಾಡ್ತದೆ."

ಕ್ಲಾಸಿನ ಅಕ್ಕೋರು, "ಪಾಠ ಹೇಳುವಾಗ ಇವಳು..." ಅಂತ ಬಾಯಿ ತೆರೆದರು.

"ಅದು ನಾಚ್ಕೆ ಅಕ್ಕೋರೆ," ಎಂದಳು ಅವ್ವಿ.

ಏನೂ ಬೇಡ ಅಂತ ಸಾಹೇಬರು ಬರೆದುಕೊಂಡರು, ಅಷ್ಟಕ್ಕೇ ಮುಗಿಯಿತು. ಬರುವಾಗ ದಾರಿಯುದ್ದಕ್ಕೂ ಅವ್ವಿ, "ಗೆದ್ದ್‌ಬಿಡ್ತು ನನ್ ಮಗು" ಅನ್ನುತ್ತಿದ್ದಳು.

ಮಷಿನ್ನು ಬರಲಿಲ್ಲ. ಬೇರೆ ಟೀಚರೂ ಬರಲಿಲ್ಲ. ಸುಮಾ ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡಿನಲ್ಲಿದ್ದದ್ದನ್ನು ಚಂದ ಮಾಡಿ ನಕಲು ಮಾಡಿದಳು. ಅಕ್ಷರ ದುಂಡಗೆ. ಏನು ಬರೆದದ್ದು ಅಂತ ಕೇಳಿದರೆ ಗೊತ್ತಿಲ್ಲ. ಏಳಕ್ಕೆ ಶಾಲೆ ಬಿಟ್ಟಳು. ನಾನೇನು ದೊಡ್ಡ ಪಂಡಿತನಲ್ಲ, ನಾನೂ ಎಂಟಕ್ಕೇ ಶಾಲೆಗೆ ಕೈಮುಗಿದವನು. ಆದರೆ ನಾನು ಬಿಟ್ಟದ್ದು ಸೋಮಾರಿತನಕ್ಕೆ. ಅವಳು ಬಿಟ್ಟದ್ದು ಕೇಳಿಸದೆ.

ಆಮೇಲೆ ಭಟ್ಕಳ ಬಂದರಿನಲ್ಲಿ ಬೋಟಿಗೆ ಹೋಗುವಾಗ ಜೊತೆಗಾರನೊಬ್ಬ ಹೇಳಿದ. ಅವನ ಮಗನಿಗೂ ಕಿವಿ ಕೇಳುವುದಿಲ್ಲ. "ತೀರ್ಮಾನ ಒಪ್ಪಿಗೆ ಇಲ್ಲ ಅಂತ ಹೇಳೂಕೆ ಬತ್ತದೆ ಮಾರಾಯಾ. ಮತ್ತೆ ನೋಡಿ ಅಂತ ಕೇಳೂದು ನಮ್ಮ ಹಕ್ಕು."

ರಜೆ ಹಾಕಿ ಸುಮಾಳ ಶಾಲೆಗೆ ಹೋದೆ.

"ನಿಮ್ಮ ತಾಯಿಯೇ ಬೇಡ ಅಂದದ್ದಲ್ವಾ?" ಅಂದರು ಹೆಡ್‌ಮಾಸ್ತರು. "ಈಗ ಆ ಟೀಚರ್ ಜಾಗವೂ ಖಾಲಿ."

"ಕೇಳೂ ಹಕ್ಕುಂಟು ಅಂತ ಅವತ್ತೇ ಹೇಳೂಕೆ ನಿಮ್ ಬಾಯಿಗೆ ಎಂತ ಆಗಿತ್ತು?"

"ಕೂಗಾಡ್ಬೇಡ ತಮ್ಮಾ. ಮಕ್ಕಳು ಓದ್ತಾ ಇದ್ದಾರೆ."

ಶಾಲೆಯಲ್ಲಿ ನಡೆದ ಮಾತು ಹೇಗೋ ಅವ್ವಿಯ ಕಿವಿಗೂ ಬಿತ್ತು. ಅಂದಿನಿಂದ ಅವಳು ಮನೆಗೆ ಅಬ್ಬಲಿಗೆ ತಂದಿಲ್ಲ.

ಬಸ್ಸಿಳಿದು ಮನೆಗೆ ಹೋದೆ. ಅವ್ವಿ ಒಳಗೆ ಕತ್ತಿ ಹಿಡಿದು ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ಬಾಳೆಲೆ ಬಿಚ್ಚಿ ದಂಡೆಯನ್ನು ಸುಮಾಳ ಕೈಗಿಟ್ಟೆ. ಮುಡಿದುಕೊಂಡಳು. ಕುರ್ಚಿ ಎಳೆದು ನೆಟ್ಟಗೆ ಕೂತಳು. ಕೈ ಎರಡೂ ಮಡಿಲಲ್ಲಿ, ಕಣ್ಣು ನನ್ನ ಬಾಯಿಯ ಮೇಲೆ.

"ಸುಮಾ," ಅಂದಳು. "ಅಪ್ಪ ಗಣಪತಿ. ಊಟ ಆತು."

ಒಳಗೆ ಕತ್ತಿಯ ಸದ್ದು ನಿಂತಿತು. ನಾನು ಇನ್ನೂ ಏನೂ ಕೇಳಿರಲಿಲ್ಲ.