ತಂಗಿಯ ಯಂತ್ರ
ನೀರು ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಅಕ್ಕನಿಗೆ ಹತ್ತೊಂಬತ್ತು ವರ್ಷ ಸರ್ವೀಸು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಒಂದೊಂದೇ ಚುಕ್ಕಿ ಎಣಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆಮೇಲೆ ಡಿಎನ್‌ಎ ನಕಲು ಮಾಡಿ ಎಣಿಸುವ ಪಿಸಿಆರ್ ಯಂತ್ರ ಬಂತು. ಅದನ್ನು ನಡೆಸಲು ಬಂದವಳು ಯಾರು? ಒಡಹುಟ್ಟಿದ ತಂಗಿ! ಅಕ್ಕ ಎರಡು ದಿನ ಕಾದು ಹೇಳುವ ಉತ್ತರವನ್ನು ಅವಳು ಊಟದ ಹೊತ್ತಿಗೇ ಹೇಳಿಬಿಡುತ್ತಿದ್ದಳು. ಮೇಲಧಿಕಾರಿಯ ಬಾಯಲ್ಲಿ ಬೆಳಗಾದರೆ ತಂಗಿಯದೇ ಜಪ. ಅಕ್ಕನಿಗೆ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು.

ಯಂತ್ರಕ್ಕೂ ಒಂದು ಕೊರತೆಯಿತ್ತು. ಸತ್ತ ಬ್ಯಾಕ್ಟೀರಿಯಾವನ್ನೂ ಎಣಿಸಿಬಿಡುತ್ತಿತ್ತು.

"ನಿನ್ನ ಯಂತ್ರಕ್ಕೆ ಹೆಣ ಯಾವ್ದು, ಜೀವ ಯಾವ್ದು ಅಂತಾನೇ ಗೊತ್ತಾಗಲ್ವಲ್ಲೇ," ಎಂದು ಅಕ್ಕ ಚುಚ್ಚಿದಳು.

ತಂಗಿ ನಕ್ಕು, ಒಂದು ಬಣ್ಣ ತರಿಸಿದಳು. ಸತ್ತವುಗಳ ಪೊರೆ ಹರಿದಿರುತ್ತದೆ; ಬಣ್ಣ ಅವುಗಳೊಳಗೆ ಮಾತ್ರ ನುಗ್ಗುತ್ತದೆ. ಪ್ರಖರ ಬೆಳಕು ಹಾಯಿಸಿದರೆ ಅದು ಡಿಎನ್‌ಎಗೆ ಅಂಟಿಕೊಂಡು, ಯಂತ್ರ ನಕಲು ಮಾಡದಂತೆ ತಡೆಯುತ್ತದೆ. ಆಮೇಲೆ ಯಂತ್ರದ ಲೆಕ್ಕಕ್ಕೆ ಸಿಗುವುದು ಬದುಕಿರುವವು ಮಾತ್ರ. ಅಕ್ಕ ತನ್ನ ಗಾಜಿನ ತಟ್ಟೆಗಳತ್ತ ತಿರುಗಿದಳು.

ಒಂದು ದಿನ ಆಸ್ಪತ್ರೆಯ ಮಕ್ಕಳ ವಾರ್ಡಿನ ತೊಟ್ಟಿಯ ನೀರು ಬಂತು. ತೊಟ್ಟಿಯನ್ನು ಕ್ಲೋರಿನ್ ಹಾಕಿ ತೊಳೆದಾಗಿತ್ತು. ವಾರ್ಡು ತೆರೆಯಬಹುದೇ ಎಂದು ಕೇಳಿದ್ದರು. ತಂಗಿ ಬಣ್ಣ ಬೆರೆಸಿ, ಕೊಳವೆಗಳನ್ನು ಬೆಳಕಿನ ಪೆಟ್ಟಿಗೆಯಲ್ಲಿಟ್ಟು, ಮೇಲಧಿಕಾರಿ ಕರೆದರೆಂದು ಓಡಿದಳು. ಅಕ್ಕ ನೋಡುತ್ತಾಳೆ, ಸ್ವಿಚ್ಚೇ ಹಾಕಿಲ್ಲ! ಕೈ ಅಲ್ಲಿಯವರೆಗೆ ಹೋಗಿ ಹಿಂದಕ್ಕೆ ಬಂತು. ಆಗಲಿ, ಒಮ್ಮೆಯಾದರೂ ಇವಳ ಮುಖಕ್ಕೆ ಮಸಿ ಹತ್ತಲಿ.

ತಂಗಿ ಗಡಿಬಿಡಿಯಲ್ಲಿ ಬಂದವಳು ಹಾಗೆಯೇ ಕೊಳವೆ ತೆಗೆದು ಪರೀಕ್ಷೆ ಮುಗಿಸಿದಳು. ಲಕ್ಷಗಟ್ಟಲೆ ಜೀವಂತ ಎಂದು ಬಂತು.

"ಹಾಗಾದ್ರೆ ವಾರ್ಡ್ ತೆಗೆಯೋ ಹಾಗಿಲ್ಲ. ಮಕ್ಕಳು ಇನ್ನೂ ಕಾರಿಡಾರಲ್ಲೇ ಮಲಗ್ಬೇಕು," ಎನ್ನುತ್ತ ಮೇಲಧಿಕಾರಿ ಫೋನ್ ಎತ್ತಿಕೊಂಡರು.

ಅಕ್ಕ ಕೈ ಅಡ್ಡ ಹಿಡಿದಳು. "ತಡೀರಿ ಸಾರ್. ಲೈಟ್ ಹಾಕಿರ್ಲಿಲ್ಲ, ಯಂತ್ರ ಸತ್ತವನ್ನೂ ಎಣಿಸಿದೆ. ನಾನು ನೋಡ್ದೆ."

"ಆಗ್ಲೇ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು ಹೇಳ್ಲಿ?"

ಮರುಪರೀಕ್ಷೆಯಲ್ಲಿ ಬದುಕಿದ್ದವು ಒಂದೂ ಕಾಣಲಿಲ್ಲ, ವಾರ್ಡು ತೆರೆಯಿತು. ಮೇಲಧಿಕಾರಿ ಬೆನ್ನು ತಟ್ಟಿದ್ದು ಮಾತ್ರ ತಂಗಿಯದ್ದೇ. ಅಕ್ಕನಿಗೆ ಸಿಕ್ಕಿದ್ದು ಒಂದು ದುರುಗುಟ್ಟಿದ ನೋಟ.

ತಂಗಿ ಮೂರು ದಿನ ಮುಖ ತಿರುಗಿಸಿಕೊಂಡೇ ಓಡಾಡಿದಳು. ನಾಲ್ಕನೆಯ ದಿನ ಪಕ್ಕಕ್ಕೊಂದು ಕುರ್ಚಿ ಎಳೆದು, "ಬಾ, ಕೂತ್ಕೋ. ಇದೂ ಕಲಿ," ಎಂದಳು.

ಅಕ್ಕ ಕೈಗವಸು ಏರಿಸಿಕೊಂಡಳು. ತಂಗಿಯ ಕೈಯನ್ನೇ ಎವೆಯಿಕ್ಕದೆ ನೋಡಿದಳು. ಒಂದು ತಿಂಗಳಲ್ಲಿ ಇವಳಿಗಿಂತ ಚೆನ್ನಾಗಿ ಮಾಡದಿದ್ದರೆ ನಾನು ನಾನೇ ಅಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದಳು.